ಟಕ್ ಎನ್ನದ ಕೊಂಡಿ

ಕುಶನ್ ಕಾಕ ಯಾರ ಕೋಣೆಗೆ ಹೋದರೂ ಕೂರುವ ಮೊದಲು ಕುರ್ಚಿಯನ್ನು ಒಮ್ಮೆ ಬೋರಲು ಹಾಕುತ್ತಿದ್ದರು. ಚಹಾದ ಲೋಟ ಹಿಡಿದು ನಿಂತವರು ಮುಖ ಮುಖ ನೋಡಿಕೊಳ್ಳುತ್ತಿದ್ದರೆ, ಇವರು ಕುರ್ಚಿಯ ಅಡಿಭಾಗದ ಮೊಳೆ, ಪಟ್ಟಿ, ಸ್ಪಂಜು ಎಲ್ಲ ತಡವಿ ನೋಡಿ, "ಪಾಪ, ಇದಕ್ಕೆ ಭಾರೀ ಸಂಕಟ ಉಂಟು" ಎಂದು ಮತ್ತೆ ನೆಟ್ಟಗೆ ನಿಲ್ಲಿಸಿ ಆಮೇಲೆ ಕೂರುತ್ತಿದ್ದರು. ನನ್ನ ಕೋಣೆಗೆ ಮೊದಲ ಸಲ ಬಂದಾಗಲೂ ಹಾಗೇ ಮಾಡಿದರು. ನಾನು ಮುಂಗೋಪಿ. ನನಗೆ ರೇಗಿ, "ಎಂತ ಕಾಕಾ, ಕುರ್ಚಿಗೆ ಆಪರೇಷನ್ ಮಾಡ್ತೀರಾ?" ಎಂದೆ. "ನೀವು ಮನುಷ್ಯರ ಎಲುಬು ನೋಡುದಿಲ್ಲವಾ ಡಾಕ್ಟ್ರೇ? ಹಾಗೆ ನಾನು ಇವುಗಳದ್ದು ನೋಡುದು" ಎಂದರು. ನಾನು ಡಾಕ್ಟರನಲ್ಲ. ಸೌದಿಯ ಬೆಟ್ಟದ ಊರು ಅಭಾದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಎಷ್ಟು ಸಲ ಹೇಳಿದರೂ ಅವರು ನನ್ನನ್ನು ಕೊನೆಯವರೆಗೆ ಡಾಕ್ಟ್ರೇ ಎಂದೇ ಕರೆದರು. ಅದು ಅವರ ತಮಾಷೆ.

ಅವರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ನಾನು ಆಸ್ಪತ್ರೆಯಲ್ಲೇ ಇದ್ದೆ. ಊರಿನವರ ಗುಂಪಿನಲ್ಲಿ ಯಾರೋ ಒಂದು ಸಾಲು ಹಾಕಿದ್ದರು. ಅದರ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು, ದುವಾಗಳು. ನಾನು ಏನೂ ಹಾಕಲಿಲ್ಲ. ರೋಗಿಯೊಬ್ಬನನ್ನು ಮೇಜಿನ ಮೇಲೆ ಮಲಗಿಸಿ ಉಸಿರು ಹಿಡಿಯಲು ಹೇಳಿದ್ದೆ. ಬಿಡಲು ಹೇಳುವುದೇ ಮರೆತುಹೋಯಿತು. ಅವನು ಪಾಪ ಕೆಮ್ಮಿದಾಗ ಎಚ್ಚರವಾಯಿತು. ಆ ಮೇಜಿನ ಮೇಲಿದ್ದ ತೆಳ್ಳನೆಯ ಹಾಸು ಕಾಕ ಹೊಲಿದುಕೊಟ್ಟದ್ದು.

ಅದರ ಕತೆಯನ್ನೇ ಮೊದಲು ಹೇಳುತ್ತೇನೆ. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚುಗಳಿಗೆ ಹೊಸ ರೆಕ್ಸಿನ್ ಹಾಕಲು ಅವರನ್ನು ಕರೆಸಿದ್ದರು. ಕೆಲಸ ಮುಗಿಸಿ ಒಳಗೆ ಇಣುಕಿದವರು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಚಪ್ಪಲಿ ಕಳಚಿ ಆ ತಣ್ಣಗಿನ ಮೇಜಿನ ಮೇಲೆ ಅಂಗಾತ ಮಲಗಿಬಿಟ್ಟರು. ಸ್ವಲ್ಪ ಹೊತ್ತು ಛಾವಣಿ ನೋಡಿದರು. "ಇದು ಮನುಷ್ಯರಿಗೆ ಮಾಡಿದ್ದಲ್ಲ ಡಾಕ್ಟ್ರೇ, ಮೀನು ಒಣಗಿಸ್ಲಿಕ್ಕೆ ಮಾಡಿದ್ದು" ಎಂದರು. ಮರುವಾರ ಹಾಸು ತಂದರು. ಎಕ್ಸ್‌ರೇಯಲ್ಲಿ ಕಾಣಬಾರದು ಎಂದು ಗುಂಡಿ, ಜಿಪ್ಪು, ಮೊಳೆ ಯಾವುದೂ ಇಲ್ಲದೆ ಬರೇ ನೂಲಿನಲ್ಲಿ ಹೊಲಿದದ್ದು. ತರುವ ಮೊದಲು ಅಂಗಡಿಯ ಸಿಮೆಂಟು ನೆಲದ ಮೇಲೆ ಹಾಸಿ ತಾನೇ ಒಂದು ಮಧ್ಯಾಹ್ನ ಮಲಗಿದ್ದರಂತೆ.

ಅದು ಅವರ ಕ್ರಮ. ತಾನು ಕೂತು ನೋಡದ ಸೀಟನ್ನು ಅವರು ಗಿರಾಕಿಗೆ ಕೊಟ್ಟವರಲ್ಲ. ಟ್ಯಾಕ್ಸಿಯ ಸೀಟು ಹೊಲಿದರೆ ಅದರಲ್ಲೇ ಕೂತು ಮಧ್ಯಾಹ್ನದ ಊಟ ಮಾಡುವರು. ಅರಬ್ಬಿಗಳು ಅತಿಥಿಗಳನ್ನು ಕೂರಿಸುವ ಮಜ್ಲಿಸಿನ ದಿಂಬು ಹೊಲಿದರೆ ಅದಕ್ಕೆ ಒರಗಿ ನನ್ನನ್ನೂ ಒರಗಿಸಿ ಹರಟೆ ಹೊಡೆಯುವರು. "ಸೀಟು ಉಂಟಲ್ಲ, ಅದು ಕೂತವನ ನೆನಪಿಗೇ ಬರಬಾರದು" ಎನ್ನುವರು. ಕೂತಾಗ ಕಿರ್ ಎಂದರೆ, ಎದ್ದಾಗ ಚರಕ್ ಎಂದರೆ, ಅವರ ಮುಖ ಹಲ್ಲುನೋವು ಬಂದವರ ಹಾಗೆ ಆಗುತ್ತಿತ್ತು. ಅವರ ಕಿಸೆಯಲ್ಲಿ ಯಾವಾಗಲೂ ಒಂದು ಸಣ್ಣ ಎಣ್ಣೆ ಬಾಟಲಿ ಇರುತ್ತಿತ್ತು. ನಮ್ಮ ಕಟ್ಟಡದ ಎಲ್ಲ ಬಾಗಿಲುಗಳ ತಿರುಗಣೆಗೆ ಯಾರೂ ಕೇಳದೆಯೇ ಎಣ್ಣೆ ಬಿಟ್ಟವರು ಅವರು. ಆಮೇಲೆ ಯಾರು ಬಂದರು ಯಾರು ಹೋದರು ಎಂದು ತಿಳಿಯದೆ ನಾವೆಲ್ಲ ಬೆಚ್ಚಿಬೀಳುತ್ತಿದ್ದೆವು.

ಅವರು ಬೆಳ್ತಂಗಡಿ ಕಡೆಯ ಬ್ಯಾರಿ. ನಾನು ಕುಂದಾಪುರದವನು, ತುಳು ಬಾರದು. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಉಳಿದವರೊಡನೆ ಬ್ಯಾರಿ, ತುಳು, ಮಲಯಾಳ, ಉರ್ದು, ಅರಬ್ಬಿ ಯಾವುದಾದರೂ ಸರಿ. ಊರಲ್ಲಿ ಹೆಂಡತಿ, ಮದುವೆಯಾದ ಒಬ್ಬ ಮಗಳು. ಎರಡು ವರ್ಷಕ್ಕೊಮ್ಮೆ ರಜೆ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಪಕ್ಕ ಬಗೆಬಗೆಯ ನೂಲಿನ ಉಂಡೆಗಳು. ಇಲ್ಲಿಯ ನೂಲಿಗೆ ಮರ್ಯಾದೆ ಇಲ್ಲ ಎಂಬುದು ಅವರ ದೂರು.

ಅವರ ಅಂಗಡಿಯ ಕಫೀಲ್, ಎಂದರೆ ವೀಸಾ ಕೊಟ್ಟ ಅರಬ್ಬಿ ಯಜಮಾನ, ಒಬ್ಬ ಮುದುಕ. ಎದುರಿಗೆ ಕಾಕ ಅವನನ್ನು ಅರಬ್ಬಿಯಲ್ಲಿ ಗೌರವದಿಂದಲೇ ಮಾತನಾಡಿಸುತ್ತಿದ್ದರು; ನಮ್ಮಲ್ಲಿ ಬಂದು ಹೇಳುವಾಗ ಮಾತ್ರ "ನಮ್ಮ ಅಜ್ಜ". ಹೆಚ್ಚುಕಡಿಮೆ ಇಬ್ಬರದ್ದೂ ಒಂದೇ ಪ್ರಾಯ. ಯಾರು ಯಾರಿಗೆ ಅಜ್ಜ ಎಂದು ನಾನು ಕೇಳಿದರೆ, "ಗಡ್ಡ ಬೆಳ್ಳಗೆ ಇದ್ದವ ಅಜ್ಜ, ಬಣ್ಣ ಹಾಕಿದವ ಕಾಕ" ಎಂದು ನಗುತ್ತಿದ್ದರು. ಕಫೀಲರ ಬಗ್ಗೆ ನಮ್ಮ ಜನ ಹೇಳುವ ಕತೆಗಳು ಬೇರೆ. ಅವುಗಳಲ್ಲಿ ಸುಳ್ಳೇನೂ ಇಲ್ಲ, ನಾನೂ ಕಂಡಿದ್ದೇನೆ. ಇವರಿಬ್ಬರದ್ದು ಮಾತ್ರ ಆ ಲೆಕ್ಕಕ್ಕೆ ಸಿಗದ ಗೆಳೆತನ. ದಿನಾ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಅಜ್ಜ ಅಂಗಡಿಗೆ ಬರುವನು, ಕಾಕ ಹಾಲಿಲ್ಲದ ಸುಲೈಮಾನಿ ಚಹಾ ಮಾಡುವರು, ಆಮೇಲೆ ಇಬ್ಬರೂ ನೂಲಿನ ಬಣ್ಣದ ಮೇಲೋ ಸಕ್ಕರೆಯ ಮೇಲೋ ಜಗಳ ಶುರುಮಾಡುವರು. ಒಂದು ದಿನ ಅಜ್ಜ ಬಾರದಿದ್ದರೆ ಕಾಕನಿಗೆ ಸೂಜಿಯಲ್ಲಿ ದಾರ ನಿಲ್ಲುತ್ತಿರಲಿಲ್ಲ.

ಅಜ್ಜನಿಗೆ ಎರಡು ಸಂಕಟಗಳಿದ್ದವು. ಒಂದು ಅವನ ಎಡ ಸೊಂಟ. ಅದರ ಎಕ್ಸ್‌ರೇ ತೆಗೆದವನು ನಾನೇ. ಕೀಲು ಸವೆದು ಎಲುಬಿಗೆ ಎಲುಬು ತಾಗಿತ್ತು. ಆಪರೇಷನ್ ಎಂದರೆ ಅವನು ಕೇಳುವವನಲ್ಲ. ನೆಲದ ಮೇಲೆ ಕೂರಲಾಗದು, ಕುರ್ಚಿಯಲ್ಲಿ ಕೂತರೂ ಒಂದು ಮಗ್ಗುಲಿಗೆ ವಾಲಿಕೊಂಡು. ಇನ್ನೊಂದು ಸಂಕಟ ಒಂದು ತೋಳ. ಊರ ಹೊರಗೆ ಕಣಿವೆಯ ಅಂಚಿನಲ್ಲಿ ಅವನ ಕುರಿಗಳಿದ್ದವು. ಅಲ್ಲಿ ಅರಾರ್ ಮರಗಳ ಕಾಡು. ಸೂಜಿ ಎಲೆಯ, ತಿರುಚಿದ ಕಾಂಡದ, ಬಹಳ ಹಳೆಯ ಮರಗಳು. ಆ ಕಾಡಿನಿಂದ ತೋಳ ಬಂದು ಮರಿಗಳನ್ನು ಒಯ್ಯುತ್ತಿತ್ತು. ಅಜ್ಜ ಪರವಾನಗಿ ಇದ್ದ ತನ್ನ ಹಳೆಯ ಬಂದೂಕು ಹಿಡಿದು ಸಂಜೆಯ ಹೊತ್ತು ಬಂಡೆಯ ಮರೆಯಲ್ಲಿ ಕಾಯುವನು; ಸೊಂಟ ಹಿಡಿದು ಒಮ್ಮೆ ಮಿಸುಕಿದರೆ ಸಾಕು, ತೋಳಕ್ಕೆ ತಿಳಿದುಬಿಡುತ್ತಿತ್ತು.

ಆಗ ಅಮೆರಿಕದಲ್ಲಿ ಓದುತ್ತಿದ್ದ ಅಜ್ಜನ ತಮ್ಮನ ಮಗ ರಜೆಗೆ ಬರುವಾಗ ಒಂದು ವಸ್ತು ತಂದುಕೊಟ್ಟ. ಅಲ್ಲಿಯ ಬೇಟೆಗಾರರು ಮರದಲ್ಲಿ ಕೂರಲು ಬಳಸುವ ಜೀನು. ಜೀನು ಎಂದರೆ ಕುದುರೆಯದ್ದರ ಹಾಗಲ್ಲ. ಅಗಲವಾದ ಗಟ್ಟಿ ಬಟ್ಟೆಯ ಪಟ್ಟಿ. ಅದನ್ನು ಸೊಂಟದ ಹಿಂದಿನಿಂದ ಸುತ್ತಿ, ಮುಂದಿನ ಹಗ್ಗವನ್ನು ಮರಕ್ಕೆ ಕಟ್ಟಿದ ಪಟ್ಟಿಗೆ ಒಂದು ಉಕ್ಕಿನ ಕೊಂಡಿಯಿಂದ ಸಿಕ್ಕಿಸಿದರೆ, ಕಾಲನ್ನು ಕಾಂಡಕ್ಕೆ ಒತ್ತಿಕೊಂಡು ಮರಕ್ಕೆ ಎದುರಾಗಿ ಗಾಳಿಯಲ್ಲಿ ಕೂತ ಹಾಗೆ. ಅಜ್ಜನಿಗೆ ಮಕ್ಕಳ ಹಾಗೆ ಖುಷಿಯಾಯಿತು. ಒಂದು ಸಂಜೆ ಕೂತು ಬಂದವನು ಮಾರನೇ ದಿನ ಅದನ್ನು ತಂದು ಕಾಕನ ಮೇಜಿನ ಮೇಲೆ ಬಿಸಾಡಿದ. ತೊಡೆಯ ಬುಡ ಕಚ್ಚುತ್ತದೆ, ಪಟ್ಟಿ ಕಿರುಗುಟ್ಟುತ್ತದೆ, ವೆಲ್ಕ್ರೋ ಅಂಟುಪಟ್ಟಿ ಬಿಚ್ಚಿದರೆ ಬಟ್ಟೆ ಹರಿದಷ್ಟು ಸದ್ದು. "ತೋಳ ನನ್ನನ್ನು ನೋಡಿ ನಕ್ಕು ಹೋಯಿತು, ಯಾ ಸದೀಕ್" ಎಂದ.

ಕಾಕ ಅದನ್ನು ಬೋರಲು ಹಾಕಿದರು.

ಮುಂದೆ ಕೆಲವು ವಾರ ಅವರ ತಲೆಯಲ್ಲಿ ಬೇರೇನೂ ಇರಲಿಲ್ಲ. ಟ್ಯಾಕ್ಸಿಯವರು ಬಂದು ಬೈದು ಹೋದರು. ಅಂಗಡಿಯ ಕಬ್ಬಿಣದ ತೊಲೆಗೆ ಜೀನನ್ನು ಕಟ್ಟಿ ಅದರಲ್ಲಿ ತಾನು ನೇತಾಡಿಕೊಂಡು, ಅಲ್ಲಿಂದಲೇ ಗಿರಾಕಿಗಳಿಗೆ ಉತ್ತರ ಕೊಡುತ್ತಿದ್ದರು. ಬಾವಲಿಯ ಹಾಗೆ ಕಾಣ್ತೀರಿ ಕಾಕಾ ಎಂದರೆ, "ನೀವು ಕೂತು ನೋಡಿ, ಮತ್ತೆ ಮಾತಾಡಿ" ಎಂದು ನನ್ನನ್ನೂ ನೇತುಹಾಕಿದರು. ನಿಜ ಹೇಳಬೇಕೆಂದರೆ ಮೊದಲ ಸಲ ಐದು ನಿಮಿಷಕ್ಕೆ ಕಾಲು ಜೋಮು ಹಿಡಿಯಿತು. ಅವರು ಪಟ್ಟಿಯನ್ನು ಎರಡಾಗಿ ಸೀಳಿ ನಡುವೆ ಅಗಲದ ತುಂಡು ಸೇರಿಸಿದರು. ಎಡಗಡೆ ಅಜ್ಜನ ಸವೆದ ಕೀಲಿಗೆ ಸರಿಯಾಗಿ ಕುರಿಯುಣ್ಣೆ ತುಂಬಿದ ಒಂದು ಮೆತ್ತೆ. ಅದಕ್ಕಾಗಿ ನನ್ನಿಂದ ಆ ಎಕ್ಸ್‌ರೇ ಹಾಳೆ ತರಿಸಿ, ಕಿಟಕಿಗೆ ಹಿಡಿದು, ಎಲ್ಲಿ ನೋವು ಎಂದು ಬೆರಳಿಟ್ಟು ತೋರಿಸಲು ಹೇಳಿದರು. ಅಂಟುಪಟ್ಟಿ ಕಿತ್ತು ಬಟ್ಟೆಯ ಕಸೆ ಹೊಲಿದರು. ಕಿರುಗುಟ್ಟುವ ಹೊಲಿಗೆಗಳಿಗೆ ಜೇನುಮೇಣ ತೀಡಿದರು. ಉಕ್ಕಿನ ಬಳೆಗಳಿಗೆಲ್ಲ ಕಂಬಳಿಯ ಬಟ್ಟೆ ಸುತ್ತಿದರು.

ಆಮೇಲೆ ನನ್ನನ್ನು ಕೂರಿಸಿ, "ಕಣ್ಣು ಮುಚ್ಚಿ ಕೇಳಿ" ಎಂದರು. ಶಟರ್ ಎಳೆದಿತ್ತು. ಅವರು ಜೀನು ತೊಟ್ಟು, ಕೊಂಡಿ ಸಿಕ್ಕಿಸಿ, ಕೂತು, ಎಡಕ್ಕೆ ಬಲಕ್ಕೆ ತಿರುಗಿ, ಇಳಿದರು.

"ಎಂತ ಕೇಳಿತು?"

"ಒಂದೇ ಕೇಳಿತು. ಶುರುವಿಗೆ ಟಕ್ ಅಂತು."

ಅವರ ಮುಖ ಸಣ್ಣಗಾಯಿತು. ಅದು ಕೊಂಡಿಯದ್ದು. ಕೊಂಡಿಯ ಬಾಯಿಗೆ ಸ್ಪ್ರಿಂಗಿನ ಒಂದು ಸಣ್ಣ ಕದ. ಪಟ್ಟಿ ಒಳಗೆ ಹೋದ ಮೇಲೆ ಅದು ಮುಚ್ಚಿಕೊಳ್ಳುವಾಗ ಉಕ್ಕಿಗೆ ಉಕ್ಕು ತಾಗಿ ಟಕ್. ಎಷ್ಟು ನಿಧಾನ ಬಿಟ್ಟರೂ ಟಕ್. ಕಾಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಆಸ್ಪತ್ರೆಗೇ ಬಂದರು, ನನ್ನ ಕೈಯಲ್ಲಿ ಕೊಂಡಿ ಇಟ್ಟು, "ಮುಚ್ಚಿ" ಎಂದರು. ಮುಚ್ಚಿದೆ. ಏನೂ ಕೇಳಲಿಲ್ಲ. ಕೊಂಡಿಯ ತುದಿಗೆ, ಕದ ಬಂದು ಕೂರುವ ಜಾಗಕ್ಕೆ, ಆಡಿನ ಮರಿಯ ತೆಳು ಚರ್ಮ ಅಂಟಿಸಿದ್ದರು. ನಾನು ಚಪ್ಪಾಳೆ ತಟ್ಟಿದೆ. ಅವರು ನಾಚಿಕೊಂಡು, "ಸಾಕು ಮಾರಾಯ್ರೆ, ಆಸ್ಪತ್ರೆ ಇದು" ಎಂದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ತಾನು ಮೊದಲು ಕೂತು ನೋಡುವ ಕ್ರಮವನ್ನು ಕಾಕ ತಪ್ಪಿಸಲಿಲ್ಲ. ಶುಕ್ರವಾರ ನಮಾಜು ಮುಗಿಸಿ ನಾವು ಮೂವರೂ ಕಣಿವೆಗೆ ಹೋದೆವು. ತಿಳಿ ಆಕಾಶ, ಚುರುಗುಟ್ಟುವ ಬಿಸಿಲು. ರಸ್ತೆಯ ಬದಿಯ ಕೋತಿಗಳು ಅಜ್ಜನ ಪಿಕಪ್ಪಿನ ಹಿಂದೆ ಓಡಿಬಂದವು. ಅಜ್ಜ ಹತ್ತುತ್ತೇನೆಂದರೂ ಕಾಕ ಬಿಡದೆ, ತಾನೇ ಅರಾರ್ ಮರ ಹತ್ತಿ, ಎರಡಾಳೆತ್ತರದಲ್ಲಿ ಜೀನು ಕಟ್ಟಿ ಕೂತರು. ಅಷ್ಟು ಪ್ರಾಯದ ಮನುಷ್ಯ ಮರದಲ್ಲಿ ಬಿಳಿ ಟೊಪ್ಪಿ ಹಾಕಿಕೊಂಡು ಕೂತಿದ್ದು ನೋಡಿ ಅಜ್ಜ ಹೊಟ್ಟೆ ಹಿಡಿದು ನಕ್ಕ. ಕಾಕ ನಗಲಿಲ್ಲ. ಬಿಸಿಲು ಬಾಡುವವರೆಗೆ ಕೂತಿದ್ದು ಇಳಿದು ಬಂದು, "ಇನ್ನು ಕೊಡಬಹುದು" ಎಂದರು.

ಆ ಜೀನಿನಲ್ಲಿ ಅಜ್ಜ ಬಹಳ ಸಂಜೆಗಳನ್ನು ಕಳೆದ. ಒಂದು ದಿನ ಅಂಗಡಿಗೆ ಬಂದವನು ಬಾಗಿಲಲ್ಲೇ ನಿಂತು ಕಾಕನನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟ. ತೋಳ ಬಂದಿತ್ತಂತೆ. ಅವನ ಮರದ ಬುಡದಲ್ಲೇ ಬಂದು ಕೂತು, ನಾಲಗೆ ಚಾಚಿ ಏದುಸಿರು ಬಿಡುತ್ತಿತ್ತಂತೆ. ಮೇಲೆ ಮನುಷ್ಯನಿದ್ದಾನೆಂದು ಅದಕ್ಕೆ ಗೊತ್ತೇ ಆಗಲಿಲ್ಲ.

"ಹೊಡೆದೆಯಾ?" ಎಂದು ಕಾಕ ಕೇಳಿದರು.

"ಇಲ್ಲ. ನೋವಿಲ್ಲದೆ ಕೂತಿದ್ದೆ. ಅದೂ ಕೂತಿತ್ತು. ಹೊಡೆಯಲು ಮನಸ್ಸಾಗಲಿಲ್ಲ" ಎಂದ ಅಜ್ಜ.

ಕಾಕ ಇದನ್ನು ನನಗೆ ಹೇಳುವಾಗ ತನ್ನದೇ ಮೊಮ್ಮಗುವಿನ ವಿಷಯ ಹೇಳಿದ ಹಾಗೆ ಹೇಳಿದ್ದರು. ಮುಂದೆ ಅಜ್ಜ ಬಂದೂಕು ಒಯ್ದರೂ ಹೊಡೆಯಲು ಹೋಗುತ್ತಿರಲಿಲ್ಲ, ಕೂರಲು ಹೋಗುತ್ತಿದ್ದ ಎಂದು ನನ್ನ ಎಣಿಕೆ.

ಚಳಿಗಾಲ ಬಂತು. ಅಭಾದಲ್ಲಿ ಚಳಿಗಾಲವೆಂದರೆ ಮಂಜು. ಕೆಳಗಿನ ಬಯಲಿನಿಂದ ಕಣಿವೆ ಹತ್ತಿಕೊಂಡು ಬಂದು, ನಡುಮಧ್ಯಾಹ್ನವೇ ಕಾರುಗಳಿಗೆ ದೀಪ ಹಾಕಿಸುತ್ತದೆ. ಹೊರಗೆ ಒಣಹಾಕಿದ ಅಂಗಿ ಹಾಕಿದಾಗಿನದ್ದಕ್ಕಿಂತ ಹೆಚ್ಚು ಒದ್ದೆಯಾಗಿ ಸಿಗುತ್ತದೆ. ಅಂಥ ಒಂದು ದಿನ ಅಜ್ಜನನ್ನು ಅವನ ಮಕ್ಕಳು ಆಸ್ಪತ್ರೆಗೆ ತಂದರು. ಕುರಿ ಕಾಯುವವನಿಗೆ ಅವನು ಮರದ ಕೆಳಗೆ ಬಿದ್ದುಕೊಂಡಿದ್ದುದು ಕಂಡಿತ್ತು. ಜೀನು ಇನ್ನೂ ಸೊಂಟದಲ್ಲೇ ಇತ್ತು. ಕುತ್ತಿಗೆಯ ಎಕ್ಸ್‌ರೇ ತೆಗೆದೆ, ತಲೆಯದ್ದು ತೆಗೆದೆ, ಸೊಂಟದ್ದು ತೆಗೆದೆ. ಪರದೆಯಲ್ಲಿ ಅದೇ ಸವೆದ ಕೀಲು ಬಂತು, ನಾನು ಬೆರಳಿಟ್ಟು ತೋರಿಸಿದ್ದ ಜಾಗ. ವಾರ್ಡಿಗೆ ಸೇರಿಸುವ ಮೊದಲೇ ಹೋಗಿಬಿಟ್ಟ.

ಕಾಕ ಕಾರಿಡಾರಿನಲ್ಲಿ ತಾನೇ ರೆಕ್ಸಿನ್ ಹಾಕಿದ ಬೆಂಚಿನ ಪಕ್ಕ ನಿಂತಿದ್ದರು. ಕೂತಿರಲಿಲ್ಲ. ನನ್ನನ್ನು ಕಂಡವರೇ ಕೈ ಹಿಡಿದುಕೊಂಡರು.

"ಡಾಕ್ಟ್ರೇ, ದೊಡ್ಡ ಡಾಕ್ಟರ್ ಎಂತ ಹೇಳ್ತಾರೆ? ಬಿದ್ದು ಸತ್ತದ್ದಾ, ಎದೆ ಹಿಡಿದು ಬಿದ್ದದ್ದಾ?"

ಮರದ ಮೇಲೆಯೇ ಹೃದಯಾಘಾತವಾಗಿ ಬಿದ್ದಿರಲೂಬಹುದು, ಬಿದ್ದ ಏಟಿಗೇ ಹೋಗಿರಲೂಬಹುದು, ಈಗ ಹೇಳಲು ಬಾರದು ಎಂದಿದ್ದರು ಡಾಕ್ಟರು. ಅದನ್ನೇ ಹೇಳಿದೆ. ಕಾಕ ತಲೆಯಾಡಿಸಿದರು. ಅವರು ಅದಾಗಲೇ ಒಂದನ್ನು ಆರಿಸಿಕೊಂಡಿದ್ದರೆಂದು ಆ ತಲೆಯಾಡಿಸಿದ ರೀತಿಯಲ್ಲೇ ನನಗೆ ಗೊತ್ತಾಯಿತು.

ಮೂರು ದಿನದ ಸಂತಾಪಕ್ಕೆ ನಾನೂ ಹೋಗಿದ್ದೆ. ಡೇರೆಯ ಒಳಗೆ ಉದ್ದಕ್ಕೆ ಮಜ್ಲಿಸಿನ ದಿಂಬುಗಳು, ಕಹ್ವಾ ಕಾಫಿ, ಖರ್ಜೂರ. ಅಜ್ಜನ ದೊಡ್ಡ ಮಗ ಕಾಕನನ್ನು ಬಾಗಿಲ ಹತ್ತಿರ ಕೂರಲು ಬಿಡದೆ, ಕೈ ಹಿಡಿದು ಎಳೆದುಕೊಂಡು ಹೋಗಿ ಮನೆಯವರ ಸಾಲಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡ. ಬಂದವರೆಲ್ಲ ಮಕ್ಕಳಿಗೆ ಕೈಕೊಟ್ಟು ಕಾಕನಿಗೂ ಕೈಕೊಟ್ಟು ಸಾಂತ್ವನ ಹೇಳಿ ಹೋದರು. ಅದು ಆ ಜನ ಕೊಡಬಹುದಾದ ದೊಡ್ಡ ಗೌರವ. ಕಾಕ ಮುಳ್ಳಿನ ಮೇಲೆ ಕೂತವರ ಹಾಗೆ ಕೂತಿದ್ದರು. ಹೊರಗೆ ಬರುವಾಗ, "ಅವ ನನಗೆ ಒಂದು ಪೆಟ್ಟು ಹೊಡೆದಿದ್ದರೆ ಒಳ್ಳೇದಿತ್ತು" ಎಂದರು. ನಾನು ಸುಮ್ಮನಿರಿ ಎಂದು ಗದರಿದೆ.

ಜೀನನ್ನು ಅವರು ಕೇಳಿ ಪಡೆದುಕೊಂಡರು. ಕೆಲವು ದಿನ ಕಳೆದು ನನ್ನನ್ನು ಅಂಗಡಿಗೆ ಕರೆದು ಕೊಂಡಿ ತೋರಿಸಿದರು. ಒಣಗಿದಾಗ ಕದ ಸರಿಯಾಗಿ ಮುಚ್ಚುತ್ತಿತ್ತು. ಮತ್ತೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಒಂದು ಚಹಾ ಮಾಡಿ ಕುಡಿಸಿ, ಬಿಚ್ಚಿ ತೋರಿಸಿದರು. ಆಡಿನ ಚರ್ಮ ನೀರು ಕುಡಿದು ಉಬ್ಬಿತ್ತು. ಕದ ಬಂದು ಮೆತ್ತಗೆ ಚರ್ಮಕ್ಕೆ ತಾಗಿ ನಿಂತುಬಿಟ್ಟಿತು. ಕಣ್ಣಿಗೆ ಮುಚ್ಚಿದ ಹಾಗೇ ಕಾಣುತ್ತಿತ್ತು. ಬೆರಳಿನಿಂದ ಒತ್ತಿದರೆ ಒಂದು ಕೂದಲೆಳೆ ಬಾಕಿ. ಹಾಗೆ ಕಚ್ಚದೆ ನಿಂತ ಕೊಂಡಿ ಮೈಯ ಭಾರ ಬಿದ್ದರೆ ಬಾಯಿ ಬಿಡುತ್ತದೆ.

"ಚರ್ಮ ಇಲ್ಲದಿದ್ದರೆ ಸರಿಯಾಗಿ ಮುಚ್ಚಿದಾಗ ಟಕ್ ಅಂತಿತ್ತು. ಟಕ್ ಅನ್ನದಿದ್ದರೆ ಅಜ್ಜ ಪುನಃ ಒತ್ತಿ ಹಾಕ್ತಿದ್ದ. ಅದು ಸದ್ದಲ್ಲ ಡಾಕ್ಟ್ರೇ. ಮುಚ್ಚಿದೆ ಅಂತ ಅದು ನಮಗೆ ಹೇಳುದು. ನಾನು ಅದರ ಬಾಯಿ ಮುಚ್ಚಿಸಿದೆ."

"ನೀವು ಕೂತು ನೋಡಿದ್ದೀರಲ್ಲ ಕಾಕಾ?"

"ಒಣ ಬಿಸಿಲಿಗೆ ಕೂತೆ. ಮಂಜಿಗೆ ಕೂರಲಿಲ್ಲ."

ಅವರು ಅಳಲಿಲ್ಲ. ನನಗೆ ಮಾತ್ರ ಅಳು ಬಂತು, ಮುಖ ತಿರುಗಿಸಿಕೊಂಡೆ.

ಅವರು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪೊಲೀಸರು ಬಂದು ನೋಡಿ ವಯಸ್ಸಾದವ, ಬಿದ್ದ ಎಂದು ಮುಗಿಸಿದ್ದರು. ನನ್ನ ಮಾತು ಕೇಳಿ ಸುಮ್ಮನಿರಿ ಎಂದು ಕಾಲು ಹಿಡಿಯುವುದೊಂದು ಬಾಕಿ. ಪರದೇಶ, ಜೈಲು, ಊರಲ್ಲಿ ಹೆಂಡತಿ ಎಲ್ಲ ಹೇಳಿದೆ. ಅವರು ಕೊಂಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಅಜ್ಜನ ಮನೆಗೆ ಹೊರಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ದೊಡ್ಡ ಮಗನ ಎದುರು ನನಗೆ ತೋರಿಸಿದ್ದನ್ನೇ ತೋರಿಸಿದರು. ಅವನು ಕೊಂಡಿಯನ್ನು ಕೈಗೆ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು, ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡಿದ.

ಅವನು ಹೇಳಿದ್ದಿಷ್ಟೇ. "ಅಪ್ಪನಿಗೆ ನೋವಿಲ್ಲದೆ ಕೂರಲು ಆಗುತ್ತಿದ್ದದ್ದು ಇದರಲ್ಲಿ ಮಾತ್ರ. ಮನೆಯಲ್ಲಿ ನಮ್ಮ ಹತ್ತಿರ ಕೂತಾಗಲೂ ಅವರಿಗೆ ನೋವೇ. ನಮಗೆ ಯಾರಿಗೂ ಮಾಡಲಿಕ್ಕಾಗದ್ದನ್ನು ನೀನು ಮಾಡಿದ್ದಿ. ನಾವು ಮಾಫ್ ಮಾಡಿದ್ದೇವೆ. ದೇವರೂ ಮಾಡಲಿ." ಅಷ್ಟು ಹೇಳಿ ಎದ್ದು ಕಾಕನ ನೆತ್ತಿಗೆ ಮುತ್ತಿಟ್ಟ.

ಆಗ ಕಾಕ ಅತ್ತರು. ಇಡೀ ಮೈ ನಡುಗುವ ಹಾಗೆ, ಆದರೆ ಒಂದಿಷ್ಟೂ ಸದ್ದು ಮಾಡದೆ ಅತ್ತರು. ಆ ಮನುಷ್ಯನಿಗೆ ಅಳುವುದನ್ನೂ ಬೇರೆ ರೀತಿಯಲ್ಲಿ ಮಾಡಲು ಬರುತ್ತಿರಲಿಲ್ಲ.

ಕ್ಷಮೆ ಸಿಕ್ಕಿದ ಮೇಲೆ ಹಗುರಾಗುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಅಂಗಡಿ ನಡೆಸಿಕೊಂಡು ಹೋಗು ಎಂದು ದೊಡ್ಡ ಮಗ ಎಷ್ಟು ಕೇಳಿದರೂ ಒಪ್ಪದೆ, ಅಲ್ಲಿರುವ ಪರವಾನಗಿಯಾದ ಇಕಾಮಾ ಮುಗಿಸಿ, ಊರಿಗೆ ಮರಳುವ ಎಕ್ಸಿಟ್ ಹೊಡೆಸಿಕೊಂಡರು. ಹೊರಡುವವರೆಗಿನ ದಿನಗಳಲ್ಲಿ ಅವರ ಕಿಸೆಯಲ್ಲಿ ಎಣ್ಣೆ ಬಾಟಲಿ ಇರಲಿಲ್ಲ. ಬಾಗಿಲು ಹಾಕಿದರೆ ಚಿಲಕ ಎರಡು ಸಲ ಎಳೆದು ಬಡಿಯುವರು. ಟ್ಯಾಕ್ಸಿಯ ಸೀಟು ಕಿರ್ ಎನ್ನುತ್ತದೆ ಎಂದು ಯಾರೋ ಬಂದರೆ, "ಅನ್ನಲಿ ಬಿಡಿ, ಜೀವ ಉಂಟು ಅದಕ್ಕೆ" ಎಂದು ವಾಪಸು ಕಳಿಸಿದರು. ವಿಮಾನ ನಿಲ್ದಾಣಕ್ಕೆ ನಾನೇ ಬಿಡಲು ಹೋದೆ. ನನ್ನ ಕಾರಿನಲ್ಲಿ ಕೂತು ಬೆಲ್ಟು ಸಿಕ್ಕಿಸಿದರು. ಟಕ್ ಎಂದಿತು. ನನ್ನತ್ತ ತಿರುಗಿ, "ಕೇಳಿತಾ?" ಎಂದರು. ನನಗೆ ಅಭ್ಯಾಸವಾಗಿ ಹೋಗಿತ್ತು. "ಕೇಳಿತು ಕಾಕಾ" ಎಂದೆ. ಆಮೇಲೆ ನನ್ನ ಬೆಲ್ಟನ್ನೂ ಹಾಕಿಸಿದರು.

ಜೀನು ಅವರ ಸೂಟ್‌ಕೇಸಿನಲ್ಲಿತ್ತೋ, ಅಜ್ಜನ ಮನೆಯಲ್ಲೇ ಉಳಿಯಿತೋ ನಾನು ಕೇಳಲಿಲ್ಲ.

ಎರಡು ವರ್ಷ ಕಳೆದು ಆ ವಾಟ್ಸಾಪ್ ಸುದ್ದಿ ಬಂತು. ನನಗೆ ರಜೆ ಸಿಕ್ಕಿ ಅವರ ಮನೆಗೆ ಹೋಗುವಷ್ಟರಲ್ಲಿ ಅವರ ಹೆಂಡತಿ ಗಂಡ ಹೋದ ಮೇಲೆ ಮನೆಯೊಳಗೇ ಇರಬೇಕಾದ ಇದ್ದತ್ತಿನ ತಿಂಗಳುಗಳು ಕಳೆದಿದ್ದವು. ರಸ್ತೆಯಿಂದ ನಾಲ್ಕು ಮೆಟ್ಟಿಲು ಮೇಲಕ್ಕೆ, ಗೇಟಿರುವ ಸಣ್ಣ ತಾರಸಿ ಮನೆ. ಮಗಳು ಸರ್ಬತ್ತು ತಂದುಕೊಟ್ಟು ಅಮ್ಮನ ಪಕ್ಕ ನಿಂತಳು. ನಾನು ಯಾರೆಂದು ಹೇಳುತ್ತಿದ್ದಂತೆ, "ಓ, ಡಾಕ್ಟ್ರು" ಎಂದರು ಕಾಕನ ಹೆಂಡತಿ. ಕುರ್ಚಿ ಕೊಟ್ಟರು. ನನಗೇ ತಿಳಿಯದೆ ಅದರ ಅಡಿಗೆ ಕೈಹಾಕಿ ತಡವಿ ನೋಡಿ ಕೂತೆ. ತಾಯಿ ಮಗಳು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿಮ್ಮ ಕಾಕನನ್ನು ಎಲ್ಲರೂ ಭಾರೀ ಸೈಲೆಂಟ್ ಜನ ಅಂತ ಹೇಳ್ತಾರೆ" ಎಂದರು ಆಕೆ. "ನನಗೆ ಆ ಜನ ಸಿಗಲೇ ಇಲ್ಲ. ಬಂದ ಮೇಲೆ ಈ ಮನೆಯಲ್ಲಿ ಬರೇ ಸದ್ದು. ಎಲ್ಲಿಗಾದರೂ ಹೊರಟರೆ ಚಿಲಕ ಟಕ್, ಟಕ್. ಡಬ್ಬಿಯ ಮುಚ್ಚಳ, ಗೋದ್ರೆಜಿನ ಬಾಗಿಲು, ಕೊಡೆ ಕೂಡ. ಹಾಕುದು, ತೆಗೆಯುದು, ಪುನಃ ಹಾಕುದು. ಮತ್ತೆ ನನ್ನತ್ರ ಕೇಳುದು, ಕೇಳಿತಾ ಅಂತ. ನಾನು ಎಷ್ಟೋ ಸಲ ಗದರಿದ್ದೇನೆ. ನಿಮಗೆ ತಲೆ ಕೆಟ್ಟಿದಾ, ಬಸ್ಸು ಹೋಗ್ತದೆ ಅಂತ."

ಸ್ವಲ್ಪ ಹೊತ್ತು ಸೆರಗಿನ ತುದಿ ಹಿಂಡಿಕೊಂಡರು.

"ಕೊನೆಗೆ ಆಂಬುಲೆನ್ಸಿಗೆ ಹಾಕಿದರಲ್ಲ, ಆಗ ಮಾತು ಹೋಗಿತ್ತು. ಆ ಹುಡುಗರು ಹೊಟ್ಟೆಯ ಮೇಲೆ ಬೆಲ್ಟು ಕಟ್ಟಿದರು. ಇವರು ನನ್ನನ್ನು ನೋಡುದು, ಬೆಲ್ಟನ್ನು ನೋಡುದು. ನನಗೆ ಗೊತ್ತಾಯಿತು. ನಾನು ಬಿಚ್ಚಿ ಪುನಃ ಹಾಕಿದೆ, ಟಕ್ ಅಂತು. ಕೇಳಿತು, ನನಗೆ ಕೇಳಿತು ಅಂತ ಹೇಳಿದೆ. ಮತ್ತೆ ಕಣ್ಣು ಮುಚ್ಚಿದರು. ಅಲ್ಲಿ ಎಂತ ಆಗಿತ್ತು ಡಾಕ್ಟ್ರೇ? ನಮ್ಮತ್ರ ಒಂದು ಶಬ್ದ ಹೇಳಲಿಲ್ಲ."

ಹೇಳಬೇಕೋ ಬೇಡವೋ ಎಂದು ನಾನು ದಾರಿಯುದ್ದಕ್ಕೂ ಯೋಚಿಸುತ್ತ ಬಂದಿದ್ದೆ. ಅವರು ಮುಚ್ಚಿಟ್ಟದ್ದನ್ನು ಬಿಚ್ಚಿಡಲು ನಾನು ಯಾರು ಎಂದೂ ಅನಿಸಿತ್ತು. ಆದರೆ ಆ ಹೆಂಗಸಿನ ಮುಖ ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಅಜ್ಜ, ಅವನ ಸೊಂಟ, ತೋಳ, ಜೀನು, ಆಡಿನ ಚರ್ಮ, ಮಂಜು ಎಲ್ಲ ಹೇಳಿದೆ. ಮಗ ನೆತ್ತಿಗೆ ಮುತ್ತಿಟ್ಟದ್ದನ್ನೂ ಹೇಳಿದೆ. ಆಕೆ ಕೊನೆಯವರೆಗೆ ಕೇಳಿದರು.

"ಮೊದಲೇ ಹೇಳಿದ್ದರೆ," ಎಂದರು ಕೊನೆಗೆ, "ನಾನು ಒಂದು ಸಲವೂ ಗದರುತ್ತಿರಲಿಲ್ಲ. ಕೇಳಿತು ಕೇಳಿತು ಅಂತ ಹೇಳ್ತಿದ್ದೆ. ಎಷ್ಟು ಸಲ ಕೇಳಿದರೂ ಹೇಳ್ತಿದ್ದೆ."

ಮಗಳು ಒಳಗೆ ಹೋಗಿಬಿಟ್ಟಳು. ನನಗೆ ಸಮಾಧಾನ ಹೇಳಲು ಬರುವುದಿಲ್ಲ, ಯಾವತ್ತೂ ಬರುತ್ತಿರಲಿಲ್ಲ. ಕಾಕ ಇದ್ದಿದ್ದರೆ ಕುರ್ಚಿಯ ವಿಷಯವನ್ನಾದರೂ ಎತ್ತುತ್ತಿದ್ದರು. ಎದ್ದು, ಬರುತ್ತೇನೆ ಅಕ್ಕ ಎಂದೆ.

ಆಕೆ ಗೇಟಿನವರೆಗೆ ಬಂದರು. ನಾನು ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಗೇಟು ಮುಚ್ಚಿ ಚಿಲಕ ಹಾಕಿದರು. ಟಕ್ ಎಂದಿತು. ನಾನು ಎರಡು ಹೆಜ್ಜೆ ಹೋಗಿರಬೇಕು. ಹಿಂದೆ ಚಿಲಕ ತೆಗೆದ ಸದ್ದು, ಮತ್ತೆ ಹಾಕಿದ ಸದ್ದು. ತಿರುಗಿ ನೋಡಿದೆ. ಆಕೆ ಗೇಟಿನ ಸರಳು ಹಿಡಿದುಕೊಂಡು ನಿಂತಿದ್ದರು.

"ಕೇಳಿತಾ?" ಎಂದರು.

ಆಕೆಗೆ ಕೇಳಬೇಕಲ್ಲ, ಜೋರಾಗಿ ಹೇಳಿದೆ.

"ಕೇಳಿತು ಅಕ್ಕ. ಕೇಳಿತು."